ಧನುರ್ವಾಯು ಸೀರಂ ಕೊಟ್ಟ ಕುದುರೆಗೆ ಯಕೃತ್ತಿನ ಕಾಯಿಲೆ ಬರುತ್ತದೆಯೇ?

ಮೊಳೆ ಚುಚ್ಚಿದ ನಿಮ್ಮ ಹೆಣ್ಣು ಕುದುರೆಗೆ ಮೂರು ವಾರದ ಹಿಂದೆ ಧನುರ್ವಾಯು ಸೀರಂ ಕೊಡಿಸಿದ್ದೀರಿ. ಅದರಿಂದ ಯಕೃತ್ತು ಕೆಡುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಮಾತು ಸುಳ್ಳಲ್ಲ, ಆದರೆ ಅಪರೂಪದ ಸಂಗತಿ. ಈ ಸೀರಂ ತಯಾರಾಗುವುದು ಬೇರೆ ಕುದುರೆಗಳ ರಕ್ತದಿಂದಲೇ, ಹಾಗಾಗಿ ಆ ರಕ್ತದಲ್ಲಿದ್ದ ವೈರಸ್ ಇದರ ಜೊತೆ ಬರಬಹುದು. ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಆರ್ನಾಲ್ಡ್ ಥೈಲರ್ ಶತಮಾನದ ಹಿಂದೆಯೇ ಈ ಕಾಯಿಲೆಯನ್ನು ವಿವರಿಸಿದ್ದರು. ಇದಕ್ಕೆ ಕಾರಣವೆಂದು ಈಗ ನಂಬಲಾಗಿರುವ ಪಾರ್ವೊ ವೈರಸ್ ಪತ್ತೆಯಾದದ್ದು ಮಾತ್ರ 2018ರಲ್ಲಿ. ಸೋಂಕು ತಗುಲಿದ ಹೆಚ್ಚಿನ ಕುದುರೆಗಳಿಗೆ ಏನೂ ಆಗುವುದಿಲ್ಲ.

ಕಾಯಿಲೆ ಬರುವುದಾದರೆ ಸಾಮಾನ್ಯವಾಗಿ ಸೀರಂ ಕೊಟ್ಟ 4ರಿಂದ 10 ವಾರಗಳ ನಡುವೆ. ಹಾಗಾಗಿ ನಿಮ್ಮ ಎಚ್ಚರದ ದಿನಗಳು ಈಗಷ್ಟೇ ಶುರುವಾಗುತ್ತಿವೆ. ಬೆಳಗಿನ ಬೆಳಕಿನಲ್ಲಿ ತುಟಿ ಎತ್ತಿ ವಸಡು ನೋಡಿ, ಕಣ್ಣಿನ ಬಿಳಿಭಾಗ ನೋಡಿ, ಅವು ಹಳದಿಯಾಗಿವೆಯೇ, ಮೂತ್ರ ಕಂದು ಬಣ್ಣಕ್ಕೆ ತಿರುಗಿದೆಯೇ ಗಮನಿಸಿ. ಬರೀ ಹಳದಿ ಕಂಡರೆ ಗಾಬರಿ ಬೇಡ: ಮೇವು ಬಿಟ್ಟ ಕುದುರೆಯ ವಸಡೂ ಹಳದಿಯಾಗುತ್ತದೆ. ಪಶುವೈದ್ಯರಿಂದ ಯಕೃತ್ತಿನ ಸ್ಥಿತಿ ತಿಳಿಸುವ ಜಿಜಿಟಿ, ಬಿಲಿರುಬಿನ್ ರಕ್ತಪರೀಕ್ಷೆ ಮಾಡಿಸಿದರೆ ಸಂಶಯ ಬಗೆಹರಿಯುತ್ತದೆ. ಆದರೆ ಕುದುರೆ ಗೋಡೆಗೆ ತಲೆ ಒತ್ತಿ ನಿಂತರೆ, ಕುರುಡಾದಂತೆ ಎಡವಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ಹಂತ ತಲುಪಿದ ಕುದುರೆಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ.

ಸೀರಂ ಕೊಡಿಸಿದ್ದಕ್ಕೆ ಪಶ್ಚಾತ್ತಾಪ ಬೇಡ. ಲಸಿಕೆ ಇಲ್ಲದ ಕುದುರೆಗೆ ಧನುರ್ವಾಯು ಇದಕ್ಕಿಂತ ದೊಡ್ಡ ಅಪಾಯ. ಇನ್ನು ಮುಂದೆ ಪ್ರತಿ ವರ್ಷ ಟಾಕ್ಸಾಯ್ಡ್ ಲಸಿಕೆ ಹಾಕಿಸಿ. ಅದು ಕುದುರೆಯ ರಕ್ತದಿಂದ ಮಾಡಿದ್ದಲ್ಲ, ಗಾಯವಾದಾಗ ಸೀರಂ ಹುಡುಕುವ ಪ್ರಮೇಯವೂ ಸಾಮಾನ್ಯವಾಗಿ ಬರುವುದಿಲ್ಲ.