ಇಂಗ್ಲೆಂಡಿನ ಹಳ್ಳಿಶಾಲೆಯಲ್ಲಿ ಸಂಕ್ರಾಂತಿಯ ಪಾಠ

ಪ್ರಶ್ನೆ: ನಾವು ಇಂಗ್ಲೆಂಡಿನ ಕಂಬ್ರಿಯಾದ ಒಂದು ಹಳ್ಳಿಯಲ್ಲಿದ್ದೇವೆ. ಮಗಳ ಪ್ರಾಥಮಿಕ ಶಾಲೆಯಲ್ಲಿ ಅವಳನ್ನು ಬಿಟ್ಟರೆ ಉಳಿದವರೆಲ್ಲ ಕ್ರೈಸ್ತ ಕುಟುಂಬಗಳ ಮಕ್ಕಳು, ಇಲ್ಲವೇ ಯಾವ ಧರ್ಮವನ್ನೂ ಅನುಸರಿಸದವರ ಮಕ್ಕಳು. ಸಂಕ್ರಾಂತಿಯ ಹೊತ್ತಿಗೆ ತರಗತಿಗೆ ಬಂದು ಹಿಂದೂ ಧರ್ಮದ ಬಗ್ಗೆ ಮಾತನಾಡುವಂತೆ ಶಿಕ್ಷಕಿ ಕೇಳಿದ್ದಾರೆ. ಬೇರೆಯವರ ಮಕ್ಕಳಿಗೆ ನಮ್ಮ ಧರ್ಮದ ವಿಷಯ ಹೇಳುವುದು ಸರಿಯೇ? ಊರಿನವರು ತಪ್ಪು ತಿಳಿದಾರೆಂಬ ಅಳುಕಿದೆ.
— ಓದುಗರೊಬ್ಬರು, ಕಂಬ್ರಿಯಾ

ಉತ್ತರ: ಅಳುಕದೆ ಹೋಗಿ ಬನ್ನಿ. ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳಲ್ಲಿ ಧರ್ಮಶಿಕ್ಷಣ 1944ರಿಂದಲೂ ಕಡ್ಡಾಯವಾಗಿದ್ದು, ಸ್ಥಳೀಯವಾಗಿ ರೂಪಿಸುವ ಪಠ್ಯಕ್ರಮವು ಕ್ರೈಸ್ತ ಪರಂಪರೆಗೆ ಪ್ರಾಧಾನ್ಯ ಕೊಡುತ್ತಲೇ ಬ್ರಿಟನ್ನಿನ ಇತರ ಪ್ರಮುಖ ಧರ್ಮಗಳ ಬೋಧನೆ, ಆಚರಣೆಗಳನ್ನೂ ಗಮನಕ್ಕೆ ತೆಗೆದುಕೊಳ್ಳಬೇಕೆಂದು 1988ರ ಕಾಯ್ದೆ ವಿಧಿಸಿತು. ಒಪ್ಪದ ಪೋಷಕರಿಗೆ ಮಗುವನ್ನು ಆ ಪಾಠದಿಂದ ಹೊರಗಿರಿಸುವ ಹಕ್ಕೂ ಇದೆ. ಲೆಸ್ಟರ್ ನಗರದ ಮಗುವಿಗೆ ಹಿಂದೂ, ಮುಸ್ಲಿಂ, ಸಿಖ್ ಗೆಳೆಯರು ತರಗತಿಯಲ್ಲೇ ಸಿಗುತ್ತಾರೆ; ನಿಮ್ಮ ಹಳ್ಳಿಯ ಮಕ್ಕಳು ಇವರನ್ನು ಪುಸ್ತಕದ ಚಿತ್ರಗಳಲ್ಲಷ್ಟೇ ನೋಡಿರಬಹುದು. ಆದ್ದರಿಂದಲೇ ನಿಮ್ಮ ಮಾತಿಗೆ ಅಲ್ಲಿ ಹೆಚ್ಚು ಬೆಲೆ.

ಆದರೆ ಇಡೀ ಹಿಂದೂ ಧರ್ಮವನ್ನು ವಿವರಿಸುವ ಭಾರ ಹೊರಬೇಡಿ. 'ಹಿಂದೂಗಳು ಹೀಗೆ ಮಾಡುತ್ತಾರೆ' ಎನ್ನುವ ಬದಲು 'ನಮ್ಮ ಮನೆಯಲ್ಲಿ, ನಮ್ಮೂರಿನಲ್ಲಿ ಹೀಗೆ' ಎನ್ನಿ. ಕಂಬ್ರಿಯಾ ಕುರಿ, ದನ ಸಾಕುವವರ ನಾಡು. ಸಂಕ್ರಾಂತಿಯಂದು ಹಳೇ ಮೈಸೂರು ಕಡೆಯ ರೈತರು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹಾರ ಹಾಕಿ, ಸಂಜೆ ಕಿಚ್ಚು ಹಾಯಿಸುವುದನ್ನು ವರ್ಣಿಸಿದರೆ ಆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಬೆಂಕಿಯಿಂದ ದನಕ್ಕೆ ನೋವಾಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಪಾಯವಿದೆಯೆಂದು ನಮ್ಮಲ್ಲೇ ಆಕ್ಷೇಪಿಸುವವರಿದ್ದಾರೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಮೆಚ್ಚುವ ಸಂಗತಿಗಳನ್ನಷ್ಟೇ ಆರಿಸಿ ಹೇಳಿದರೆ ಅದು ಪ್ರಚಾರವಾಗುತ್ತದೆ.

ಶ್ಲೋಕ ಹೇಳಿಸುವುದು, ಹಣೆಗೆ ಕುಂಕುಮವಿಡುವುದು, ಆರತಿ ಮಾಡಿಸುವುದು ಬೇಡ. ಒಂದು ಆಚರಣೆಯನ್ನು ತಿಳಿಸುವುದಕ್ಕೂ ಮಕ್ಕಳಿಂದ ಅದನ್ನು ಮಾಡಿಸುವುದಕ್ಕೂ ಇರುವ ಗೆರೆಯನ್ನು ದಾಟಬಾರದು. ಕಪ್ಪು ಹಾಳೆಯ ಮೇಲೆ ಚುಕ್ಕಿಯಿಟ್ಟು ಸೀಮೆಸುಣ್ಣದಲ್ಲಿ ರಂಗೋಲಿ ಬಿಡಿಸಲು ಯಾವ ಅಡ್ಡಿಯೂ ಇಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳನ್ನು ತಟ್ಟೆಯಲ್ಲಿಟ್ಟು ತೋರಿಸುವ ಮುನ್ನವೂ ಶಾಲೆಯ ಅನುಮತಿ ಕೇಳಿ, ಹಂಚುವ ಮಾತಂತೂ ಆಮೇಲಿನದು. ಎಳ್ಳು, ಕಡಲೆಕಾಯಿ ಎರಡೂ ಬ್ರಿಟನ್ನಿನಲ್ಲಿ ಗುರುತಿಸಿರುವ 14 ಅಲರ್ಜಿಕಾರಕ ಆಹಾರಗಳ ಪಟ್ಟಿಯಲ್ಲಿವೆ.

ಎಲ್ಲಕ್ಕಿಂತ ಮೊದಲು ಮಗಳನ್ನು ಕೇಳಿ. ಇಡೀ ತರಗತಿ ತನ್ನತ್ತ ತಿರುಗಿ ನೋಡುವುದು ಅವಳಿಗೆ ಮುಜುಗರವಾಗಬಹುದು. ಇಷ್ಟವಿದ್ದರೆ ಚುಕ್ಕಿಯಿಡುವ ಕೆಲಸ ಅವಳದಾಗಲಿ. ಇಲ್ಲವಾದರೆ ಗೆಳತಿಯರ ನಡುವೆ ಕುಳಿತು ಕೇಳಲಿ, ಪ್ರಶ್ನೆಗಳಿಗೆಲ್ಲ ನೀವೇ ಉತ್ತರಿಸಿ.