ಸಿಂಕ್ ಕೊರೆದು ಉಳಿದ ಗ್ರಾನೈಟ್ ತುಂಡು ಸಾಣೆಕಲ್ಲಾಗುತ್ತಾ?

ಪ್ರಶ್ನೆ: ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕಿಸಿದಾಗ ಸಿಂಕ್‌ಗಾಗಿ ಕೊರೆದ ತುಂಡು ಉಳಿದಿದೆ. ಕನ್ನಡಿ ಥರ ನುಣ್ಣಗಿದೆ. ಅಜ್ಜನ ಕಾಲದ ಮಡಚುವ ಕ್ಷೌರದ ಕತ್ತಿಯನ್ನು ಇದರ ಮೇಲೆ ಮಸೆಯಬಹುದಾ? ಸಾವಿರಾರು ರೂಪಾಯಿ ಕೊಟ್ಟು ಹೊರದೇಶದ ಕಲ್ಲು ಯಾಕೆ ತರಿಸಬೇಕು?

ಉತ್ತರ: ಮನೆ ಕಟ್ಟಿಸಿದವರೆಲ್ಲ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಾರೆ. ಮೊದಲು ಅಜ್ಜನ ಕತ್ತಿಯನ್ನು ಪೆಟ್ಟಿಗೆಯಲ್ಲಿಡಿ. ಪರೀಕ್ಷೆಗೆ ಹಾಳಾದರೂ ಬೇಸರವಾಗದ ಕತ್ತಿ ತನ್ನಿ.

ಹೊಳಪು ಬೇರೆ, ಕಲ್ಲಿನ ಕಣ ಬೇರೆ. ಆ ಹೊಳಪು ಗ್ರಾನೈಟ್ ಅಂಗಡಿಯ ಡೈಮಂಡ್ ಪ್ಯಾಡ್ ಕೊಟ್ಟದ್ದು. ಒಳಗಿರುವುದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕದ ಹರಳುಗಳು. ಒಂದೊಂದೂ ಸಕ್ಕರೆ ಕಾಳಿನಷ್ಟು, ಕೆಲವು ಇನ್ನೂ ದೊಡ್ಡವು. ಮೋಸ್ ಗಡಸುತನದ ಅಳತೆಯಲ್ಲಿ ಕ್ವಾರ್ಟ್ಜ್ 7, ಫೆಲ್ಡ್‌ಸ್ಪಾರ್ 6, ಅಭ್ರಕ 3ರ ಆಸುಪಾಸು. ಹೀಗೆ ಗಟ್ಟಿ-ಮೆತ್ತಗೆ ಬೆರೆತ ಕಲ್ಲು ಅಲಗನ್ನು ಒಂದೇ ಸಮ ಸವೆಸುವುದಿಲ್ಲ. ಬೆಲ್ಜಿಯಂನ ಕೋಟಿಕ್ಯೂಲ್ ಎಂಬ ಸಾಣೆಕಲ್ಲಿಗೆ ಜನ ದುಡ್ಡು ಕೊಡುವುದು ಸುಮ್ನೆ ಅಲ್ಲ. ಅದರಲ್ಲಿ ಕೆಲವೇ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಗಾತ್ರದ ಗಾರ್ನೆಟ್ ಎಂಬ ಗಟ್ಟಿ ಖನಿಜದ ಕಣಗಳು ಅಭ್ರಕದ ನಡುವೆ ಒತ್ತೊತ್ತಾಗಿ ಕೂತಿರುತ್ತವೆ.

ನಿಮ್ಮ ತುಂಡು ಯಾವ ಜಾತಿಯದು ನೋಡಿ. ಚುಕ್ಕೆ ಚುಕ್ಕೆ ಇದ್ದರೆ ಅಲ್ಲಿಗೇ ಬಿಡಿ. ಕಡಪ, ಶಹಾಬಾದ್ ಕಲ್ಲಾದರೆ ಮೊಳೆಯಿಂದ ಗೀರಿ, ಬಂದ ಪುಡಿಯ ಮೇಲೆ ನಿಂಬೆರಸ ಬಿಡಿ. ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು, ಉಕ್ಕಿಗಿಂತ ಮೆತ್ತಗೆ. ಚಾಮರಾಜನಗರದ ಕಡೆಯ ಕಪ್ಪು ಕಲ್ಲಿಗೆ ಮಾತ್ರ ಒಂದು ಅವಕಾಶ ಕೊಡಬಹುದು. ವ್ಯಾಪಾರಕ್ಕೆ ಗ್ರಾನೈಟ್ ಅಂದರೂ ಅದು ಡಾಲರೈಟ್ ಎಂಬ ಬೇರೆ ಕಲ್ಲು, ಕಣ ಸಣ್ಣದು.

ಹೊಳಪು ಇರುವವರೆಗೆ ಅದು ಉಕ್ಕನ್ನು ಕೊರೆಯುವುದಿಲ್ಲ, ಬರೀ ಉಜ್ಜುತ್ತದೆ. ಹೊಳಪು ತೆಗೆಯಲು ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಬಳಸುವ ಉಜ್ಜು ಕಾಗದ) ಅಂಟಿಸಿ. ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಎಳೆದು, ಆ ಪೇಪರ್ ಮೇಲೆ ನೀರು ಹಾಕಿ ಉಜ್ಜಿ. ಗೆರೆಗಳೆಲ್ಲ ಒಟ್ಟಿಗೆ ಅಳಿಸಿದರೆ ಕಲ್ಲು ಮಟ್ಟವಾಗಿದೆ. ನಡುವೆ ಗೆರೆ ಉಳಿದರೆ ಅಲ್ಲಿ ತಗ್ಗು.

ಎಲ್ಲರೂ ಎಡವುವುದು ಇನ್ನು ಮುಂದೆ. ಮೊಂಡು ಕತ್ತಿಯನ್ನು ಹೊಸ ಕಲ್ಲಿಗೆ ತಿಕ್ಕಿ, ಆಮೇಲೆ ಹಸಿರು ಪೇಸ್ಟ್ ಬಳಿದ ಚರ್ಮದ ಪಟ್ಟಿಗೆ ಎಳೆದು, 'ಸೂಪರ್ ಆಗಿ ಬೋಳಿಸ್ತು ಸರ್' ಅಂತ ಬರೆಯುತ್ತಾರೆ. ಬೋಳಿಸಿದ್ದು ಪೇಸ್ಟ್ ಸ್ವಾಮಿ! ಅದು ಕ್ರೋಮಿಯಂ ಆಕ್ಸೈಡ್, ಅಲಗಿನ ತುದಿಯನ್ನು ಅದೇ ತಿದ್ದಿಬಿಡುತ್ತದೆ. ಕಲ್ಲಿಗೆ ಯಾಕೆ ಹೆಸರು?

ಗೊತ್ತಿರುವ ಕಲ್ಲಿನಲ್ಲಿ ಪೂರ್ತಿ ಹದ ಮಾಡಿದ ಕತ್ತಿಯಿಂದ ಶುರು ಮಾಡಿ. ಬಲಗೆನ್ನೆ ಬೋಳಿಸಿಕೊಳ್ಳಿ. ಕತ್ತಿ ಒರೆಸಿ, ಅಲಗಿನ ಉದ್ದಕ್ಕೂ ಮಾರ್ಕರ್ ಹಚ್ಚಿ. ಕತ್ತಿಯ ಬೆನ್ನೂ ಬಾಯಿಯೂ ಹೊಸ ಕಲ್ಲಿಗೆ ತಾಗಿರಲಿ, ನೀರು ಇರಲಿ, ಕೈ ಹಗುರವಾಗಿರಲಿ. ಮಾರ್ಕರ್ ಬಣ್ಣ ಬಾಯಿಯ ತುದಿವರೆಗೂ ಅಳಿಸಿಹೋಗುವಷ್ಟು ಎಳೆಯಿರಿ. ಆಮೇಲೆ ದೀಪಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗೀರುಗಳು ಒಂದೇ ಸಮ ಇವೆಯಾ? ಅಲ್ಲೊಂದು ಇಲ್ಲೊಂದು ಆಳವಾದ ಗೀರು ಬಾಯಿಯವರೆಗೂ ಬಂದು ಅಲ್ಲಿ ಚಿಕ್ಕ ಕಚ್ಚು ಬಿದ್ದಿದೆಯಾ? ಕಚ್ಚು ಕಂಡರೆ ಮುಖದ ಹತ್ತಿರ ತರಬೇಡಿ. ಇಲ್ಲದಿದ್ದರೆ ಪೇಸ್ಟ್ ಮುಟ್ಟಿಸದೆ ಎಡಗೆನ್ನೆ ಬೋಳಿಸಿ. ಎಡಗೆನ್ನೆ ಉರಿದರೆ ಉತ್ತರ ಸಿಕ್ಕಿತು. ನಾನು ನೋಡಿದ ಮಟ್ಟಿಗೆ ಜಾಸ್ತಿ ಉರಿಯುವುದೇ.

ಹಾಗಂತ ತುಂಡನ್ನು ಎಸೆಯಬೇಡಿ. ಮಟ್ಟವಾಗಿದ್ದರೆ ಮೇಲೆ ನೀರು ಚಿಮುಕಿಸಿ ಲ್ಯಾಪಿಂಗ್ ಫಿಲ್ಮ್ (ಅತಿ ಸಣ್ಣ ಮಸೆಯುವ ಕಣ ಅಂಟಿಸಿದ ಪ್ಲಾಸ್ಟಿಕ್ ಹಾಳೆ) ಹಾಸಿ, ಅದರ ಮೇಲೆ ಮಸೆಯಿರಿ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ.

ಪ್ರಶ್ನೆ: ಕಲ್ಲನ್ನು ಒಂದು ವಾರ ಎಣ್ಣೆಯಲ್ಲಿ ನೆನೆಸಿದರೆ ಕಣ ನುಣ್ಣಗಾಗುತ್ತಂತೆ?

ಉತ್ತರ: ಎಣ್ಣೆ ದಂಡ.

ಪ್ರಶ್ನೆ: '12000 ಗ್ರಿಟ್ ನೈಸರ್ಗಿಕ ಕಲ್ಲು' ಅಂತ ಆನ್‌ಲೈನ್‌ನಲ್ಲಿ ಕಪ್ಪು ತುಂಡು ಮಾರುತ್ತಿದ್ದಾರೆ. ಕೊಳ್ಳಲಾ?

ಉತ್ತರ: ಗ್ರಿಟ್ ಅಂದರೆ ಕಣ ಎಷ್ಟು ಸಣ್ಣದು ಅನ್ನುವ ಅಳತೆ. ಆ ಸಂಖ್ಯೆ ಇರುವುದು ಕಾರ್ಖಾನೆಯಲ್ಲಿ ಕಣವನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಮಾಡಿದ ಕಲ್ಲಿಗೆ. ನೆಲದಿಂದ ತೆಗೆದ ಕಲ್ಲಿಗೆ ಚೀಟಿ ಅಂಟಿಸಿದವನು ಆ ಅಂಕಿಯನ್ನು ಎಲ್ಲಿಂದ ತಂದ ಅಂತ ಅವನನ್ನೇ ಕೇಳಿ.

ಪ್ರಶ್ನೆ: ಕ್ವಾರ್ಟ್ಜ್ ಕೌಂಟರ್‌ಟಾಪ್ ತುಂಡನ್ನು ಮನೆಯಲ್ಲೇ ಗ್ರೈಂಡರ್‌ನಿಂದ ಸಣ್ಣದು ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ ಬೇಡ. ಅದು ಕ್ವಾರ್ಟ್ಜ್ ಪುಡಿಯನ್ನು ರೆಸಿನ್‌ನಲ್ಲಿ ಅಂಟಿಸಿ ಮಾಡಿದ್ದು. ಒಣಗಿದ್ದಾಗ ಕೊಯ್ದರೆ ಏಳುವ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು, ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗುವುದಿಲ್ಲ. ಕೊಯ್ಯುವ ಕಾರ್ಮಿಕರು ಕಾಯಿಲೆ ಬಿದ್ದದ್ದಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನು ನಿಷೇಧಿಸಿದೆ. ಸಾದಾ ಗ್ರಾನೈಟ್ ಧೂಳೂ ಒಳ್ಳೆಯದಲ್ಲ. ಏನೇ ಉಜ್ಜುವುದಿದ್ದರೂ ನೀರು ಹಾಕಿಯೇ ಉಜ್ಜಿ.

ಪ್ರಶ್ನೆ: ತೋಳಿನ ಕೂದಲು ಬೋಳಿಸುತ್ತೆ, ಅಷ್ಟು ಹರಿತ ಸಾಕಲ್ವಾ?

ಉತ್ತರ: ಸಾಲದು. ಚೆನ್ನಾಗಿ ಮಸೆದ ತರಕಾರಿ ಚಾಕುವೂ ಅಷ್ಟು ಮಾಡುತ್ತದೆ.

ಪ್ರಶ್ನೆ: ಒಂದೇ ಕತ್ತಿಯನ್ನು ನಾನು, ತಮ್ಮ ಇಬ್ಬರೂ ಬಳಸಬಹುದಾ?

ಉತ್ತರ: ಬೇಡ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು. ತಮ್ಮನಿಗೆ ಬೇರೆ ಕತ್ತಿ ಕೊಡಿಸಿ.