ಹಳದಿ ಹೋದರೆ ರಾಫ್ಟೂ ಹೋಯಿತು

ಸೋಪಿಲ್ಲದೆ, ರಾಫ್ಟ್ (ಸರಪಳಿಗಳು ಹೆಚ್ಚುಕಮ್ಮಿ ಒಂದೇ ಉದ್ದಕ್ಕೆ ಬೆಳೆಯುವಂತೆ ಹಿಡಿತದಲ್ಲಿಡುವ ಪಾಲಿಮರ್ ವಿಧಾನ) ದಾರಿಯಲ್ಲಿ ಲ್ಯಾಟೆಕ್ಸ್ (ನೀರಲ್ಲಿ ಹರಡಿದ ಪಾಲಿಮರ್ ಕಣಗಳ ಹಾಲು) ಮಾಡಲು ಹೋಗಿ, ನಿನ್ನೆ ಫ್ಲಾಸ್ಕ್ ಫೋಟೋ ಹಾಕಿ, 'ಹಾಲು ಒಡೆದ ಹಾಗಾಯ್ತು, ಚೂರು ಎಸ್‌ಡಿಎಸ್ ಸೋಪು ಹಾಕಿಬಿಡಲಾ?' ಅಂತ ಕೇಳಿದವರಿಗೆ: ದಯವಿಟ್ಟು ಬೇಡ. ಸೋಪು ಹಾಕಿದರೆ ಲ್ಯಾಟೆಕ್ಸ್ ನಿಲ್ಲಬಹುದು, ಆದರೆ ಸೋಪಿನ ಬದಲು ಕಣವನ್ನು ಹಿಡಿದಿಡಬೇಕಾದ ನಿಮ್ಮ ಅಕ್ರಿಲಿಕ್ ಆಸಿಡ್ ಸರಪಳಿ ಕಣದ ಮೇಲೆ ಕೂತಿದೆಯೋ ಇಲ್ಲವೋ ಆಮೇಲೆ ಗೊತ್ತೇ ಆಗಲ್ಲ. ಫಿಲ್ಮ್ ಒಣಗಿದ ಮೇಲೆ ಸೋಪು ನೀರು ಎಳೆಯುತ್ತೆ ಅಂತಲೇ ಅಲ್ವಾ ಈ ದಾರಿ ಹಿಡಿದಿದ್ದು?

ಮ್ಯಾಕ್ರೋರಾಫ್ಟನ್ನು (ತುದಿಯಲ್ಲಿ ರಾಫ್ಟ್ ಗುಂಪಿರುವ ಆ ಅಕ್ರಿಲಿಕ್ ಆಸಿಡ್ ಸರಪಳಿಯನ್ನು) ಪಿಎಚ್ 12ರ ಕಾಸ್ಟಿಕ್ ನೀರಲ್ಲಿ ರಾತ್ರಿಯಿಡೀ 50 ಡಿಗ್ರಿಯಲ್ಲಿ ಬಿಟ್ಟೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ನಾನೂ ಇದನ್ನೇ ಮಾಡಿದ್ದೆ. ಸಂಜೆ ನಿಂಬೆಹಣ್ಣಿನ ಬಣ್ಣವಿದ್ದ ದ್ರಾವಣ ಬೆಳಿಗ್ಗೆ ಗಂಜಿತಿಳಿಯ ಹಾಗೆ. ಮುಚ್ಚಳ ತೆಗೆದರೆ ಕೊಳೆತ ಎಲೆಕೋಸಿನ ವಾಸನೆ. ಚೆನ್ನಾಗಿ ಕರಗಿದೆ ಅಂತ ಖುಷಿಪಟ್ಟು ಮಾನೋಮರ್ (ಸರಪಳಿ ಕಟ್ಟುವ ಬಿಡಿ ಅಣು) ಆದ ಸ್ಟೈರೀನ್ ಸುರಿದೆ. ಸರಪಳಿಗಳ ಉದ್ದ ಅಳೆಯುವ ಜಿಪಿಸಿಯಲ್ಲಿ ಎರಡು ಗುಡ್ಡ, ಅಂದರೆ ಎರಡು ಬೇರೆ ಉದ್ದದ ಗುಂಪು. ಆ ಹಳದಿ ಬಣ್ಣ ಕೊಡುವ ರಾಫ್ಟ್ ಗುಂಪು, ಟ್ರೈಥಯೋಕಾರ್ಬೊನೇಟ್, ಕ್ಷಾರದಲ್ಲಿ, ಅದೂ ಬಿಸಿಯಲ್ಲಿ, ಒಡೆದು ಥಯಾಲ್ (ನಾರುವ ಗಂಧಕದ ಸಂಯುಕ್ತ) ಆಗುತ್ತೆ. ಇನ್ನೊಂದು ಬಗೆಯ ರಾಫ್ಟ್ ಗುಂಪಾದ ಡೈಥಯೋಬೆಂಜೋಯೇಟ್ ಆದರೆ ಇನ್ನೂ ಬೇಗ. ಇಷ್ಟು ಕಲಿಯಲು ಮೂರು ತಿಂಗಳು ಹೋಯಿತು.

ಈಗ ನಾನು ಕಾಸ್ಟಿಕ್ ಹನಿಹನಿಯಾಗಿ ಬಿಟ್ಟು ಪಿಎಚ್ 6ರಿಂದ 7ರಲ್ಲಿ ನಿಲ್ಲಿಸುತ್ತೇನೆ, ಅವತ್ತೇ ಬಳಸುತ್ತೇನೆ. ಕ್ರಿಯೆ ಶುರುಮಾಡುವ ಎಸಿವಿಎ ಕರಗಿಸಲು ಹಾಕುವ ಕಾಸ್ಟಿಕ್ಕೂ ಲೆಕ್ಕಕ್ಕೆ ಬರುತ್ತೆ, ಅದು ಸೇರಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಹಾಗಂತ ತೀರಾ ಕೆಳಗೂ ಇಳಿಸಬೇಡಿ, 4ರ ಹತ್ತಿರ ಹೋದರೆ ಚಾರ್ಜ್ ಸಾಲದೆ ಗಡ್ಡೆ ಕಟ್ಟುತ್ತೆ.

ಸ್ಟೈರೀನ್ ಒಮ್ಮೆಲೇ ಸುರಿಯಬೇಡಿ. ಮೊದಲು ಬ್ಯುಟೈಲ್ ಅಕ್ರಿಲೇಟ್, ಸರಪಳಿಗೆ ಐದರಿಂದ ಹತ್ತು ಯೂನಿಟ್ ಲೆಕ್ಕದಲ್ಲಿ, ಸಿರಿಂಜ್ ಪಂಪಿನಿಂದ, ಮಾನೋಮರ್ ಹನಿಗಳು ಮೇಲೆ ತೇಲದಷ್ಟು ನಿಧಾನ. ನೀರಿಗೆ ಒಗ್ಗದ ಆ ಬಾಲ ಬಂದ ಮೇಲೆ ಸರಪಳಿ ತಾನೇ ಗುಂಪುಗೂಡುತ್ತೆ, ನೀರು ನೀಲಿ ಛಾಯೆಗೆ ತಿರುಗುತ್ತೆ. ಆಮೇಲೆ ಉಳಿದಿದ್ದನ್ನು ಸ್ವಲ್ಪ ಜೋರಾಗಿ ಬಿಡಬಹುದು. ಸಿಡ್ನಿಯ ಗಿಲ್ಬರ್ಟ್, ಹಾಕೆಟ್ ಅವರ ಗುಂಪು 2002ರಲ್ಲೇ ತೋರಿಸಿದ ದಾರಿ ಇದು. ಅವಸರ ಮಾಡುವವರಿಗೆ ಒಲಿಯಲ್ಲ.

ನೀರಿನ ಬಗ್ಗೆ ಯಾರೂ ಕೇಳಲ್ಲ! ಕಾವೇರಿ ಬರದ ದಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಬೀಳುತ್ತೆ, ನೀರಿನ ಲವಣ ತೆಗೆಯುವ ಡಿಐ ರೆಸಿನ್ ಬೇಗ ಸೋಲುತ್ತೆ, ಕ್ಯಾಲ್ಸಿಯಂ ಬಂದು ಕಾರ್ಬಾಕ್ಸಿಲೇಟನ್ನು ಕಚ್ಚಿ ಲ್ಯಾಟೆಕ್ಸ್ ಒಡೆಯುತ್ತೆ. ಕಂಡಕ್ಟಿವಿಟಿ ನೋಡದೆ ತುಂಬಿಸಬೇಡಿ. ಸ್ಟಿರರ್‌ಗೆ ಯುಪಿಎಸ್ ಇರಲಿ, ಮಳೆಗಾಲದಲ್ಲಿ ಕರೆಂಟ್ ಹೋಗೋದು ಫೀಡ್ ನಡುವೆಯೇ. ರೆಮಿ ಓವರ್‌ಹೆಡ್ ಸ್ಟಿರರ್ ಸಾಕು. ಇಷ್ಟು ಘನಾಂಶಕ್ಕೆ ಮ್ಯಾಗ್ನೆಟ್ ಬೇಡ.

ಮುಂದಿನ ಸಲ ಬ್ಯುಟೈಲ್ ಅಕ್ರಿಲೇಟ್ ಫೀಡ್ ಮುಗಿದ ತಕ್ಷಣದ ಸ್ಯಾಂಪಲ್ ತೆಗೆದು, ಬಿಳಿ ಕಾಗದದ ಮುಂದಿಟ್ಟು ಫೋಟೋ ಹಾಕಿ. ಹಳದಿ ಉಳಿದಿದೆಯಾ ನೋಡೋಣ.